ಹಿಸಾಬು ಹೊರಗೆ, ಚುಕ್ತಾ ಚೈನ್ ಮೇಲೆ

ಕಲಬುರಗಿ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಸುಗ್ಗಿಯ ಒಂದು ದಿನ 20 ಸಾವಿರ ಚೀಲ ತೊಗರಿ ಬಂತು ಅಂತ ಇಟ್ಟುಕೊಳ್ಳಿ. ಚೀಲಕ್ಕೆ ಐದು ನಮೂದು: ಆವಕ, ತೂಕ, ದರ, ಪಟ್ಟಿ, ಪಾವತಿ. ಎಂಟು ತಾಸಿಗೆ ಒಂದು ಲಕ್ಷ ನಮೂದು, ಅಂದರೆ ಸೆಕೆಂಡಿಗೆ ಸುಮಾರು ಮೂರೂವರೆ. ಬ್ಲಾಕ್‌ಚೈನ್ ಅಂದರೆ ಜಾಲದವರೆಲ್ಲ ನಕಲಿಟ್ಟುಕೊಳ್ಳುವ ಖಾತೆ ಪುಸ್ತಕ, ಬ್ಲಾಕ್ ಅದರಲ್ಲಿ ವಹಿವಾಟುಗಳ ಒಂದು ಕಂತೆ. ಬಿಟ್‌ಕಾಯಿನ್‌ನ ಹಳೆಯ 1 ಎಂಬಿ ಬ್ಲಾಕಿನಲ್ಲಿ, ವಹಿವಾಟಿಗೆ 250 ಬೈಟ್ ಹಿಡಿದರೆ, 4,000 ವಹಿವಾಟು ಕೂರುತ್ತವೆ. ಬ್ಲಾಕ್ ಬರುವುದು ಹತ್ತು ನಿಮಿಷಕ್ಕೊಂದು. ಸೆಕೆಂಡಿಗೆ ಏಳು ಕೂಡ ಆಗದು. ಜಗತ್ತಿಗೆಲ್ಲ ಇರುವ ಜಾಲದ ಅರ್ಧ ಜಾಗ ನಮ್ಮ ಗಂಜಿಗೇ ಬೇಕು. ಪ್ರಾಜೆಕ್ಟ್ ವರದಿಯಲ್ಲಿ ‘ಪ್ರತಿ ಚೀಲವೂ ಬ್ಲಾಕ್‌ಚೈನ್ ಮೇಲೆ’ ಅಂತ ಬರೆಯುವ ಮುಂಚೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಭಾಗಾಕಾರ ಒಮ್ಮೆ ಮಾಡಲಿ.

ಗಂಜಿನಲ್ಲಿ ಅಡತ್ಯಾ (ಕಮಿಷನ್ ಏಜೆಂಟ್) ಮತ್ತು ದಾಲ್ ಮಿಲ್ಲಿನವರು ಚೀಲಕ್ಕೊಮ್ಮೆ ದುಡ್ಡು ಎಣಿಸುತ್ತ ಕೂರುವುದಿಲ್ಲ. ಖಾತೆ ಇಟ್ಟು ಗಡುವಿಗೊಮ್ಮೆ ಚುಕ್ತಾ ಮಾಡುತ್ತಾರೆ. ಹಿಸಾಬನ್ನು ಚೈನ್‌ನ ಹೊರಗಿಡುವ ಆಫ್‌ಚೈನ್ ವಿಧಾನಗಳದ್ದೂ ಇದೇ ದಾರಿ. ಆದರೆ ಅಲ್ಲಿ ಎದುರಿನವನ ಮುಖವೇ ಗೊತ್ತಿರುವುದಿಲ್ಲ. ಹಾಗಾಗಿ ಯಾವ ಹೊಸ ವಿಧಾನ ಬಂದರೂ ಎರಡು ಪ್ರಶ್ನೆ ಕೇಳಬೇಕು: ಬಾಕಿ ಲೆಕ್ಕದ ಕೊನೆಯ ಚೀಟಿ ಯಾರ ಕೈಯಲ್ಲಿದೆ? ತಕರಾರು ಎತ್ತಲು ಎಷ್ಟು ದಿನ ಇದೆ?

ಜೋಸೆಫ್ ಪೂನ್, ಥ್ಯಾಡಿಯಸ್ ಡ್ರೈಜಾ 2015ರಲ್ಲಿ ಬಿಟ್‌ಕಾಯಿನ್‌ಗಾಗಿ ಮುಂದಿಟ್ಟ ಲೈಟ್ನಿಂಗ್ ಎಂಬ ವಿಧಾನದಲ್ಲಿ ಚೀಟಿ ನಿಮ್ಮ ಕೈಯಲ್ಲೇ ಇರುತ್ತದೆ. ಮಿಲ್ಲಿನವರು 10 ಲಕ್ಷ ಸತೋಶಿಯನ್ನು (ಬಿಟ್‌ಕಾಯಿನ್‌ನ ಚಿಲ್ಲರೆ) ತಾವು, ಅಡತ್ಯಾ ಇಬ್ಬರ ಸಹಿ ಇಲ್ಲದೆ ತೆಗೆಯಲಾಗದ ವಿಳಾಸದಲ್ಲಿ ಇಡುತ್ತಾರೆ. ಇದಕ್ಕೆ ಚಾನೆಲ್ ತೆರೆಯುವುದು ಅನ್ನುತ್ತಾರೆ. ಆಮೇಲಿನ ಪ್ರತಿ ಪಾವತಿಗೂ ‘ನಿನಗಿಷ್ಟು, ನನಗಿಷ್ಟು’ ಎಂಬ ಹೊಸ ಚೀಟಿಗೆ ಇಬ್ಬರೂ ಸಹಿ ಹಾಕಿ, ಹಳೆ ಚೀಟಿಯ ಗುಟ್ಟಿನ ಕೀಲಿಯನ್ನು ಎದುರಿನವರಿಗೆ ಒಪ್ಪಿಸುತ್ತಾರೆ. ಚೀಟಿ ಚೈನ್‌ಗೆ ಹಾಕಿದವರ ಪಾಲು ಕೂಡಲೇ ಕೈಗೆ ಬರದು. ಸಾಮಾನ್ಯವಾಗಿ 144 ಬ್ಲಾಕ್, ಅಂದರೆ ಸುಮಾರು ಒಂದು ದಿನ ತಡೆಹಿಡಿದಿರುತ್ತದೆ. ಹಾಕಿದ್ದು ಹಳೆ ಚೀಟಿಯಾದರೆ, ಆ ಕೀಲಿ ಇರುವ ಎದುರಿನವರು ಅಷ್ಟರಲ್ಲಿ ಪೂರ್ತಿ ಹಣ ಬಳಿದುಕೊಳ್ಳಬಹುದು.

ವಿಚಾರ ಬಂದಮೇಲೂ ಜಾರಿಗೆ ತಡವಾದದ್ದೇಕೆ? ಆಗ ಸಹಿಯ ರೂಪ ತುಸು ತಿದ್ದಿ ವಹಿವಾಟಿನ ಗುರುತು ಸಂಖ್ಯೆಯನ್ನೇ ಬದಲಿಸಲು ಬರುತ್ತಿತ್ತು. ವಾಪಸಾತಿಯ ಚೀಟಿಯನ್ನು ಮುಂಗಡ ಹಣ ಚೈನ್‌ಗೆ ಹೋಗುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು, ಅದರೊಳಗೆ ಆ ಸಂಖ್ಯೆ ಇರಬೇಕು. ಸಂಖ್ಯೆ ಬದಲಾದರೆ ಚೀಟಿ ರದ್ದಿ ಕಾಗದ. 2017ರ ಆಗಸ್ಟ್‌ನಲ್ಲಿ ಸೆಗ್‌ವಿಟ್ ಎಂಬ ಬಿಟ್‌ಕಾಯಿನ್ ಸುಧಾರಣೆ ಬಂದು ಸಹಿಯನ್ನು ಆ ಲೆಕ್ಕದಿಂದ ಹೊರಗಿಟ್ಟ ಮೇಲೆ ದಾರಿ ತೆರೆಯಿತು.

ನಿಜವಾದ ಪೆಟ್ಟು ಮೋಸಗಾರರಿಂದ ಬೀಳುವುದಕ್ಕಿಂತ ಬ್ಯಾಕಪ್‌ನಿಂದ ಬೀಳುತ್ತದೆ. ಡಿಸ್ಕ್ ಕೆಟ್ಟಿತು, ಹೋದ ವಾರದ ನಕಲನ್ನು ವಾಪಸ್ ಹಾಕಿದಿರಿ. ಸಾಫ್ಟ್‌ವೇರ್‌ಗೆ ಅದೇ ಕೊನೆಯ ಚೀಟಿ. ಅದನ್ನು ಚೈನ್‌ಗೆ ಹಾಕಿ ಚಾನೆಲ್ ಮುಚ್ಚಿದರೆ ಎದುರಿನ ಯಂತ್ರಕ್ಕೆ ನೀವು ಕಳ್ಳರೇ, ದುಡ್ಡು ಪೂರ್ತಿ ಹೋಯಿತು. ಆದ್ದರಿಂದ ಚಾನೆಲ್ ಡೇಟಾಬೇಸಿನ ಹಳೆ ನಕಲನ್ನು ಎಂದೂ ಚಾಲೂ ಮಾಡಬೇಡಿ. ಸ್ಟ್ಯಾಟಿಕ್ ಚಾನೆಲ್ ಬ್ಯಾಕಪ್ ಎಂಬ ಬೇರೆ ಫೈಲ್ ಇದೆ. ಅದರಲ್ಲಿ ಬಾಕಿ ಲೆಕ್ಕ ಇರುವುದಿಲ್ಲ, ‘ನಿನ್ನ ಹತ್ತಿರವಿರುವ ಕೊನೆ ಚೀಟಿಯಿಂದ ಮುಚ್ಚು’ ಎಂದು ಎದುರಿನವರನ್ನು ಕೇಳುವಷ್ಟು ಮಾಹಿತಿ ಮಾತ್ರ. ಕರೆಂಟ್ ಹೋಗಿ ಇನ್ವರ್ಟರ್ ಕೈಕೊಟ್ಟರೆ ನಿಮ್ಮ ಪರವಾಗಿ ಚೈನ್ ನೋಡಲು ವಾಚ್‌ಟವರ್ ಬೇರೆ ಊರಿನಲ್ಲಿರಲಿ.

ಇನ್ನೊಂದು ತೊಡಕು ದಿಕ್ಕಿನದು. ಅಡತ್ಯಾ ತನ್ನ ಹಣ ಹಾಕಿ ಚಾನೆಲ್ ತೆರೆದರೆ ಆತ ಕೊಡಬಲ್ಲ, ತಗೊಳ್ಳಲಾರ. ಎದುರಿನ ಕಡೆ ಹಣ ಇದ್ದರೆ ತಾನೆ ಇತ್ತ ಬರುವುದು? ಅದರ ಮೇಲೆ ಶೇ 1ರಷ್ಟು ಮೀಸಲನ್ನು ಸಾಮಾನ್ಯವಾಗಿ ಮುಟ್ಟುವಂತಿಲ್ಲ. ಹುಮನಾಬಾದಿನವರ ಮೂಲಕ ಬೀದರಿಗೆ ಹಣ ದಾಟಿಸುವಾಗ ವಸೂಲಿಯ ಗಡುವುಗಳು ಇಳಿಯುತ್ತ ಹೋಗಬೇಕು: ಕಲಬುರಗಿ–ಹುಮನಾಬಾದ್ ತುಂಡಿಗೆ 80 ಬ್ಲಾಕ್ ಇದ್ದರೆ ಹುಮನಾಬಾದ್–ಬೀದರ್ ತುಂಡಿಗೆ 40. ಎರಡೂ ಒಂದೇ ಆದರೆ ಬೀದರಿನವರು ಕೊನೇ ಗಳಿಗೆಗೆ ಹಣ ತಗೊಂಡು, ನಡುವಿನವರಿಗೆ ಹಿಂದಿನವರಿಂದ ವಸೂಲಿಗೆ ಸಮಯವೇ ಉಳಿಯುವುದಿಲ್ಲ. ಚಹಾದ ದುಡ್ಡಿಗೆ ಇದೆಲ್ಲ ಬೇಡ ಬಿಡಿ, ಯುಪಿಐ ಇದೆ.

2017ರ ಆಗಸ್ಟ್‌ನಲ್ಲೇ ಪೂನ್ ಮತ್ತು ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ವಿಟಾಲಿಕ್ ಬ್ಯುಟೆರಿನ್ ಪ್ಲಾಸ್ಮಾ ಎಂಬ ವಿಧಾನ ತಂದರು. ಖಾತೆ ಪುಸ್ತಕ ಒಬ್ಬ ನಿರ್ವಾಹಕನ ಹತ್ತಿರ, ಚೈನ್ ಮೇಲೆ ಆ ಪುಸ್ತಕದ ಬೆರಳಚ್ಚಿನಂಥ 32 ಬೈಟಿನ ಮರ್ಕಲ್ ರೂಟ್ ಅಷ್ಟೇ. ಆತ ಪುಟ ತೋರಿಸದಿದ್ದರೆ? ‘ತೋರಿಸಿಲ್ಲ’ ಅಂತ ಚೈನ್‌ಗೆ ಸಾಬೀತು ಮಾಡಲು ದಾರಿಯೇ ಇಲ್ಲ. ಉಳಿಯುವುದು ಎಲ್ಲರೂ ಒಟ್ಟಿಗೆ ಹೊರಗೆ ಓಡುವುದು, ಅದೂ ಮೊದಲೇ ಕಿಕ್ಕಿರಿದ ಮೂಲ ಚೈನ್‌ನ ಮೂಲಕ. ಚೀಟಿ ಬೇರೆಯವರ ಕೈಯಲ್ಲಿಟ್ಟ ವಿನ್ಯಾಸ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ.

ರೋಲಪ್ ಎಂಬ ವಿಧಾನ ಈ ಪಾಠ ಕಲಿತದ್ದು. ಲೆಕ್ಕ ಹೊರಗೇ ಮಾಡುತ್ತದೆ, ಆದರೆ ಖಾತೆಯ ಪುಟವನ್ನು ಸಂಕ್ಷೇಪಿಸಿ ಚೈನ್ ಮೇಲೆ ಅಂಟಿಸುತ್ತದೆ. ಆಪ್ಟಿಮಿಸ್ಟಿಕ್ ಬಗೆಯಲ್ಲಿ ತಕರಾರಿಗೆ ಸಾಮಾನ್ಯವಾಗಿ ಏಳು ದಿನ, ಲೆಕ್ಕ ತಪ್ಪಿದರೆ ಒಬ್ಬ ಪ್ರಾಮಾಣಿಕ ಪರೀಕ್ಷಕ ಎತ್ತಿ ತೋರಿಸಿದರೆ ಸಾಕು. ಏಳು ದಿನ ಯಾಕೆಂದರೆ, ಆ ತಕರಾರನ್ನೇ ಬ್ಲಾಕಿನೊಳಗೆ ಬಿಡದಂತೆ ಅಷ್ಟು ಕಾಲ ತಡೆಯುವುದು ಕಷ್ಟ. ಕಾಯಲಾರದವರಿಗೆ ಕಮಿಷನ್ ಹಿಡಿದು ಮುಂಚೆಯೇ ಹಣ ಕೊಡುವವರಿದ್ದಾರೆ, ಗಂಜಿನವರಿಗೆ ಇದನ್ನು ವಿವರಿಸಬೇಕಿಲ್ಲ. ಝಡ್‌ಕೆ (ಝೀರೊ ನಾಲೆಜ್) ಬಗೆಯಲ್ಲಿ ಲೆಕ್ಕ ಸರಿ ಎಂಬ ಗಣಿತದ ಪುರಾವೆಯೇ ಜೊತೆಗೆ ಹೋಗುವುದರಿಂದ ತಕರಾರಿನ ಅವಧಿ ಬೇಡ, ಆ ಪುರಾವೆ ತಯಾರಿಸುವ ಯಂತ್ರದ ಖರ್ಚು ಮಾತ್ರ ಹೆಚ್ಚು.

2024ರ ಮಾರ್ಚ್‌ನಲ್ಲಿ ಇಥೀರಿಯಂ ಈ ಪುಟಗಳಿಗೆ ಬ್ಲಾಬ್ ಎಂಬ ಅಗ್ಗದ ಜಾಗ ಕೊಟ್ಟಿತು. ಒಂದೊಂದು 128 ಕೆಬಿ, ಮೊದಲಿಗೆ ಬ್ಲಾಕಿಗೆ ಹೆಚ್ಚೆಂದರೆ ಆರು, 2025ರ ಮೇನಲ್ಲಿ ಒಂಬತ್ತು. ಆದರೆ ಬ್ಲಾಬ್ ಸುಮಾರು 18 ದಿನಕ್ಕೆ ಅಳಿಸಿಹೋಗುತ್ತದೆ. ತಕರಾರಿಗೆ ಅದು ಧಾರಾಳ. ತೊಗರಿಯ ಮೂಲ ಮುಂದಿನ ವರ್ಷ ಹುಡುಕಬೇಕು ಅನ್ನುವವರು ತಮ್ಮ ನಕಲನ್ನು ತಾವೇ ಇಟ್ಟುಕೊಳ್ಳಬೇಕು.

ಗಂಜಿನ ಕೆಲಸಕ್ಕೆ ಚಾನೆಲ್ ಬೇಡ, ಸ್ವಂತ ರೋಲಪ್ಪೂ ಬೇಡ. ನಮೂದುಗಳು ಸಾಮಾನ್ಯ ಡೇಟಾಬೇಸಿನಲ್ಲಿರಲಿ. ಸಂಜೆ ಪ್ರತಿ ನಮೂದಿನ ಹ್ಯಾಶ್ (32 ಬೈಟಿನ ಬೆರಳಚ್ಚು) ತೆಗೆದು, ಎರಡೆರಡನ್ನು ಬೆಸೆಯುತ್ತ ಮರ್ಕಲ್ ಮರ ಕಟ್ಟಿ, ತುದಿಯ 32 ಬೈಟಿನ ರೂಟ್ ಒಂದನ್ನೇ ಚೈನ್‌ಗೆ ಹಾಕಿ: ದಿನಕ್ಕೊಂದು ವಹಿವಾಟು. ಲಕ್ಷ ನಮೂದಿಗೆ ಮರ 17 ಮಜಲು, ಒಂದು ನಮೂದಿನ ಪುರಾವೆ 17 ಹ್ಯಾಶ್, 544 ಬೈಟ್. ಪ್ರತಿ ನಮೂದಿಗೂ 16 ಬೈಟಿನ ಯಾದೃಚ್ಛಿಕ ಸಂಖ್ಯೆ ಬೆರೆಸಿಯೇ ಹ್ಯಾಶ್ ಮಾಡಿ. ಇಲ್ಲದಿದ್ದರೆ ತೂಕ, ದರ ಊಹಿಸಿ ಒಂದೊಂದಾಗಿ ಹೊಂದಿಸಿ ನೋಡಿ ಪಕ್ಕದ ಅಂಗಡಿಯ ವ್ಯಾಪಾರ ಕಂಡುಹಿಡಿಯಬಹುದು. ಪುರಾವೆಗೆ ಆ 16 ಬೈಟ್, ಮರದಲ್ಲಿನ ಸ್ಥಾನಕ್ಕೆ 3 ಬೈಟ್ ಸೇರಿಸಿದರೆ 563. ಇದನ್ನು ಕ್ಯೂಆರ್ ಆಗಿ ಮುದ್ರಿಸಬಹುದು. ಕ್ಯೂಆರ್ ಆವೃತ್ತಿ 17, ತಿದ್ದುಪಡಿ ಮಟ್ಟ ಎಲ್ ಇಟ್ಟರೆ 644 ಬೈಟ್ ಹಿಡಿಯುತ್ತದೆ, ನಮೂದಿಗೇ 81 ಬೈಟ್ ಉಳಿಯಿತು. ಅಂಚು ಸೇರಿ 93 ಚೌಕ, ಚೌಕಕ್ಕೆ 4 ಚುಕ್ಕೆ, 372 ಚುಕ್ಕೆ. 58 ಮಿ.ಮೀ. ಥರ್ಮಲ್ ಪ್ರಿಂಟರಿನ 384 ಚುಕ್ಕೆಯ ಸಾಲಿನೊಳಗೆ ಕೂರುತ್ತದೆ.

ತಕ್ಕಡಿಯಲ್ಲೇ ಮೋಸ ಇದ್ದರೆ ಇದು ಹಿಡಿಯಲಾರದು. ನಮೂದನ್ನು ಆಮೇಲೆ ತಿದ್ದಿದರೆ ಹಿಡಿಯುತ್ತದೆ, ಅಷ್ಟೇ. ರೂಟ್ ಸಂಜೆಗೆ ಸಿದ್ಧವಾಗುವುದರಿಂದ ಪುರಾವೆ ತೂಕದ ಚೀಟಿಯಲ್ಲಿ ಬರದು. ಮರ ಕಟ್ಟಿದ ಮೇಲೆಯೇ ಅದನ್ನು ಮುದ್ರಿಸಿ ಪಟ್ಟಿಯ ಜೊತೆ ರೈತರ ಕೈಗೇ ಕೊಡಬೇಕು. ಅಡತ್ಯಾನ ಕಂಪ್ಯೂಟರಿನಲ್ಲಷ್ಟೇ ಉಳಿದರೆ ಅದು ಮತ್ತೆ ಪ್ಲಾಸ್ಮಾದ ಕತೆ. ಥರ್ಮಲ್ ಕಾಗದ ನಮ್ಮ ಏಪ್ರಿಲ್ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿ ಉಳಿದರೆ ಕಪ್ಪಾಗುತ್ತದೆ, ಅದೇ ಪುರಾವೆಯ ಫೈಲನ್ನು ಅವರ ಮೊಬೈಲಿಗೂ ಕಳಿಸಿ.