ಕಡಲಿನ ಉಪ್ಪಿನಲ್ಲಿ ಉಳಿದಿರುವ ಮಳೆಯ ಲೆಕ್ಕ

ಮೂಡಿಗೆರೆ, ಸಕಲೇಶಪುರ ಕಡೆಯ ಹಳೆಯ ಕಾಫಿ ತೋಟಗಳಲ್ಲಿ ಮಳೆಮಾಪಕದ ಜೊತೆಗೆ ಒಂದು ಲೆಕ್ಕದ ಪುಸ್ತಕವೂ ಇರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಪಾಲು), ಆಷಾಢದಲ್ಲಿ ಎಷ್ಟು ಇಂಚು ಎಂಬುದು ಅದರಲ್ಲಿ ದಾಖಲಾಗುತ್ತದೆ. ಜಗತ್ತಿನ ಮಳೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೀಳುವುದು ಸಮುದ್ರದ ಮೇಲೆ. ಅಲ್ಲಿ ಅಂಥ ಪುಸ್ತಕ ಇಟ್ಟವರಿಲ್ಲ. ಮೇಲ್ಮೈ ನೀರಿನ ಲವಣಾಂಶವೇ ಆ ಪುಸ್ತಕ.

ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ, ಮಳೆಯೂ ನದಿಯೂ ಅದನ್ನು ತೆಳುಗೊಳಿಸುತ್ತವೆ. ಒಂದು ಕಿಲೋ ಕಡಲನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪಿದೆಯಾದರೂ, ಆವಿಯಾಗುವುದೇ ಹೆಚ್ಚಿರುವ ಅರಬ್ಬೀ ಸಮುದ್ರದ ಬಹುಭಾಗ ಅದಕ್ಕಿಂತ ಉಪ್ಪು, ಗಂಗಾ–ಬ್ರಹ್ಮಪುತ್ರಗಳ ನೀರು ಕುಡಿಯುವ ಬಂಗಾಳ ಕೊಲ್ಲಿ ಸಪ್ಪೆ. ಚಿಕ್ಕಮಗಳೂರು ಜಿಲ್ಲೆಯಲ್ಲೇ ಹುಟ್ಟುವ ನೇತ್ರಾವತಿ ಮೊದಲನೆಯದಕ್ಕೆ ಇಳಿದರೆ, ಹೇಮಾವತಿ ಗೊರೂರು ದಾಟಿ ಕಾವೇರಿಯ ಮೂಲಕ ಎರಡನೆಯದರ ಕಡೆಗೆ ಸಾಗುತ್ತದೆ.

1872ರಿಂದ 1876ರವರೆಗೆ ಜಗತ್ತಿನ ಕಡಲುಗಳನ್ನು ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ತಂದ 77 ನೀರಿನ ಮಾದರಿಗಳನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ಪರೀಕ್ಷಿಸಿ, ಉಪ್ಪಿನ ಒಟ್ಟು ಪ್ರಮಾಣ ಬದಲಾದರೂ ಅದರ ಮುಖ್ಯ ಘಟಕಗಳ ಪರಸ್ಪರ ಅನುಪಾತ ಎಲ್ಲೆಡೆ ಬಹುತೇಕ ಒಂದೇ ಎಂದು 1884ರಲ್ಲಿ ತೋರಿಸಿದರು. ಒಂದು ಘಟಕವನ್ನು ಅಳೆದು ಇಡೀ ಲವಣಾಂಶವನ್ನು ತಿಳಿಯುವ ದಾರಿ ಅದರಿಂದ ಭದ್ರವಾಯಿತು. ಆದರೂ ಹಡಗು ಹೋದಲ್ಲಿ ಮಾತ್ರ ಅಳತೆ. ದಕ್ಷಿಣದ ಕಡಲುಗಳು ದಶಕಗಳ ಕಾಲ ಬಹುಪಾಲು ಖಾಲಿ ಪುಟಗಳಾಗಿಯೇ ಉಳಿದವು. ಆ ಕೊರತೆ ತುಂಬತೊಡಗಿದ್ದು 2000ದ ಆಸುಪಾಸಿನಲ್ಲಿ ಕಡಲಿನ ಉಷ್ಣತೆ, ಲವಣಾಂಶಗಳನ್ನು ತಾವಾಗಿಯೇ ಅಳೆಯುವ ಆರ್ಗೋ ತೇಲುಯಂತ್ರಗಳು ನೀರಿಗಿಳಿದ ಮೇಲೆ.

ಹಳೆಯ ಮತ್ತು ಹೊಸ ಅಳತೆಗಳನ್ನು ಜೋಡಿಸಿದ ಸಾಗರ ವಿಜ್ಞಾನಿ ಪಾಲ್ ಡ್ಯುರಾಕ್ ಮತ್ತು ಸಹೋದ್ಯೋಗಿಗಳು 2012ರಲ್ಲಿ, 1950ರಿಂದ 2000ದವರೆಗೆ ಉಪ್ಪಾಗಿದ್ದ ಕಡಲು ಇನ್ನಷ್ಟು ಉಪ್ಪಾಗಿ, ಸಪ್ಪೆಯಾಗಿದ್ದುದು ಇನ್ನಷ್ಟು ಸಪ್ಪೆಯಾಗಿದೆ ಎಂದು ವಿವರಿಸಿ, ನೀರು ಆವಿಯಾಗಿ ಮಳೆಯಾಗಿ ಮರಳುವ ಜಲಚಕ್ರ ಸುಮಾರು ಶೇ. 4ರಷ್ಟು ತೀವ್ರಗೊಂಡಿದೆ ಎಂದು ಅಂದಾಜಿಸಿದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು ಎಂಬುದೇ ಇದರ ಮೂಲ. ಕಡಲಿನ ಮೇಲ್ಪದರ ಬಿಸಿಯಾಗಿ ಕೆಳಗಿನ ನೀರಿನೊಡನೆ ಬೆರೆಯುವುದು ತಗ್ಗಿದ್ದರಿಂದಲೂ ಈ ಅಂತರ ಹಿಗ್ಗಿದೆ ಎಂದು ನಂತರದ ಅಧ್ಯಯನಗಳು ತಿದ್ದಿದವು. ಈ ತಿದ್ದುಪಡಿ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಉಪ್ಪಿನ ಎಲ್ಲ ಬದಲಾವಣೆಯನ್ನೂ ಮಳೆಯ ಖಾತೆಗೇ ಬರೆಯಲಾಗದು.

ಎಲ್ಲ ಏರಿಳಿತವೂ ಶಾಶ್ವತವಲ್ಲ. 1960ರ ದಶಕದ ಕೊನೆಯಲ್ಲಿ ಆರ್ಕ್ಟಿಕ್‌ನಿಂದ ಹೊರಬಿದ್ದ ಹಿಮ ಮತ್ತು ಸಪ್ಪೆ ನೀರು ಉತ್ತರ ಅಟ್ಲಾಂಟಿಕ್ಕನ್ನು ಹತ್ತಕ್ಕೂ ಹೆಚ್ಚು ವರ್ಷ ಸುತ್ತಿ ಕರಗಿಹೋಯಿತು. ಬಂಗಾಳ ಕೊಲ್ಲಿಯ ಹಗುರ ಸಪ್ಪೆ ಪದರ ಮಾತ್ರ ಪ್ರತಿ ಮಳೆಗಾಲಕ್ಕೂ ಹೊಸದಾಗಿ ಹರಡಿಕೊಳ್ಳುತ್ತದೆ. ಅದು ಕೆಳಗಿನ ತಣ್ಣನೆಯ ನೀರು ಮೇಲೇಳಲು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ, ಹಿಂಗಾರಿನ ಚಂಡಮಾರುತಗಳಿಗೆ ಕಡಲಿನ ಶಾಖ ಸಿಗುತ್ತಲೇ ಇರುತ್ತದೆ. ಹಣ್ಣಾದ ಕಾಫಿ ಕಣದಲ್ಲಿ ಒಣಗುವ ಹೊತ್ತಿಗೆ ಹಾಸನದ ಮೇಲೆ ಮೋಡ ಕವಿಯುವುದು ಹಲವು ಬಾರಿ ಅವುಗಳಿಂದಲೇ.