ಸವಕಳಿ: ಬೆಳ್ಳಿ ರೂಪಾಯಿಯನ್ನು ಓದುವವರ ಮಾತು

‘ಸವೆ’ ಧಾತುವಿನ ಮಕ್ಕಳು ಕನ್ನಡದ ಎಲ್ಲ ಮೂಲೆಗಳಲ್ಲೂ ಇದ್ದಾರೆ. ಹಾವೇರಿಯ ರೈತನಿಗೆ ಸವಕಳಿ ಎಂದರೆ ಮಳೆಗೆ ಕೊಚ್ಚಿಹೋದ ಹೊಲದ ಮೇಲ್ಮಣ್ಣು. ಲೆಕ್ಕಪತ್ರ ಬರೆಯುವವರಿಗೆ ಅದು ಯಂತ್ರದ ಬೆಲೆಯಲ್ಲಿ ವರ್ಷವರ್ಷ ಕಳೆಯುವ ಮೊತ್ತ. ವಿಮರ್ಶಕರಂತೂ ಹಳಸಿದ ಉಪಮೆಯನ್ನು ‘ಸವಕಲು ನಾಣ್ಯ’ ಎಂದು ಮೂಲೆಗೆ ಎಸೆಯುತ್ತಾರೆ. ಈ ಕೊನೆಯ ಬಳಕೆಯಲ್ಲಿ ನಾಣ್ಯಕ್ಕೆ ತುಸು ಅನ್ಯಾಯವಾಗಿದೆ ಎಂಬುದು ನನ್ನ ತಕರಾರು.

ಕೈಯಿಂದ ಕೈಗೆ, ಚೀಲದಿಂದ ಗಲ್ಲಾಪೆಟ್ಟಿಗೆಗೆ ಓಡಾಡಿ ನಾಣ್ಯದ ಮೈ ಎಷ್ಟು ಕರಗಿದೆ ಎಂಬುದೇ ಅದರ ಸವಕಳಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 1835ರಿಂದ ಒಂದೇ ತೂಕದ್ದು: 180 ಗ್ರೇನ್, ಎಂದರೆ ಒಂದು ತೊಲೆ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. 1939ರವರೆಗೆ ತೂಕದಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಈ ನಾಣ್ಯವನ್ನೇ ತೂಕದ ಬಟ್ಟಾಗಿ ತಕ್ಕಡಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸವೆದ ರೂಪಾಯಿ ತಕ್ಕಡಿಯಲ್ಲಿದ್ದರೆ ಲಾಭ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. ಕಾನೂನು ಕೂಡ ಸವಕಳಿಗೆ ಗೆರೆ ಎಳೆದಿತ್ತು. 1906ರ ನಾಣ್ಯ ಕಾಯ್ದೆಯ ಪ್ರಕಾರ ನಿಗದಿತ ತೂಕಕ್ಕಿಂತ ನೂರಕ್ಕೆ 2ಕ್ಕಿಂತ ಹೆಚ್ಚು ಕಳೆದುಕೊಂಡ ರೂಪಾಯಿಗೆ ಕಾನೂನುಬದ್ಧ ಹಣದ ಮಾನ್ಯತೆ ಇರಲಿಲ್ಲ. ಅಂದರೆ 11.43 ಗ್ರಾಂಗಿಂತ ಇಳಿದರೆ ಅದು ರೂಪಾಯಿಯಲ್ಲ, ಬರೀ ಬೆಳ್ಳಿ.

ಸವಕಳಿ ಮೊದಲು ಹಿಡಿಯುವುದು ಉಬ್ಬಿದ ಭಾಗಗಳನ್ನು. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ಕೂದಲು ಮತ್ತು ಹುಬ್ಬು, ಏಳನೆಯ ಎಡ್ವರ್ಡನಲ್ಲಿ ಕಿವಿಯ ಮೇಲಿನ ಕೂದಲು, ಐದನೆಯ ಜಾರ್ಜನಲ್ಲಿ ಕಿರೀಟದ ಕುಸುರಿ ಹಾಗೂ ನಿಲುವಂಗಿಯ ಮೇಲಿನ ಪುಟ್ಟ ಆನೆ. ಆನೆಯ ಕಾಲುಗಳನ್ನು ಎಣಿಸಲು ಬಂದರೆ ನಾಣ್ಯ ಹೆಚ್ಚು ತಿರುಗಿಲ್ಲ. ಆದರೆ ಮಸುಕಾದದ್ದೆಲ್ಲ ಸವೆದದ್ದಲ್ಲ. ಟಂಕಸಾಲೆಯಲ್ಲಿ ಅಚ್ಚಿನ ಪೆಟ್ಟು ಮೆತ್ತಗೆ ಬಿದ್ದಿದ್ದರೂ ಚಿತ್ರ ಮಂಕಾಗಿರುತ್ತದೆ. ವ್ಯತ್ಯಾಸ ತಿಳಿಯಲು ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ತಿರುಗಿಸಬೇಕು. ಮಿರುಗು ಗಾಡಿಯ ಗಾಲಿಯ ಅರಗಳಂತೆ ಸುತ್ತಿದರೆ ಪೆಟ್ಟು ಮಂದವಾದದ್ದು. ಉಬ್ಬಿನ ಮೇಲೆ ಮಿರುಗು ಸತ್ತು ಬೂದು ಬಣ್ಣ ಕಂಡರೆ ಅದು ಸವಕಳಿಯೇ.

ಅವ್ವನ ಟ್ರಂಕಿನಲ್ಲಿದ್ದ ಐದು ರೂಪಾಯಿಗಳನ್ನು ಗದಗಿನ ಸರಾಫರೊಬ್ಬರಿಗೆ ತೋರಿಸಿದ್ದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರತಿವರ್ಷ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಕುಂಕುಮ ಇಟ್ಟವು. ನಾಲ್ಕು ಕನ್ನಡಿಯಂತೆ ಹೊಳೆಯುತ್ತಿದ್ದವು. ಐದನೆಯದು ಟ್ರಂಕಿನ ತಳದ ಕಾಗದದಡಿ ಸಿಕ್ಕಿಕೊಂಡು ಪೂಜೆ ತಪ್ಪಿಸಿಕೊಂಡಿತ್ತು, ಕಪ್ಪಾಗಿತ್ತು. ಸರಾಫರು ಭೂತಗನ್ನಡಿ ಹಿಡಿದು ಹೊಳೆಯುವವನ್ನು ನೋಡಿ, “ಇವನ್ನು ತಿಕ್ಕಿದವರು ಯಾರ್ರೀ?” ಎಂದರು. ನಾನು ಅವ್ವನ ಹೆಸರು ಹೇಳಲಿಲ್ಲ. ಆ ನಾಲ್ಕರ ಮೈತುಂಬ ಕೂದಲೆಳೆಯಂಥ ಗೀರುಗಳು. ಅವುಗಳಿಗೆ ತೂಕದ ಬೆಲೆ. ಕಪ್ಪಾದದ್ದನ್ನು ಮಾತ್ರ ಅಂಚು ಹಿಡಿದು ಎತ್ತಿ, ಬಹಳ ಹೊತ್ತು ನೋಡಿದರು.

ಗಾಳಿಯಲ್ಲಿನ ಗಂಧಕ ಬೆಳ್ಳಿಗೆ ತಗುಲಿ ಮೂಡುವ ಆ ಕಪ್ಪು ಸವಕಳಿಯಲ್ಲ, ಮೇಲಿನ ತೆಳು ಪೊರೆ. ತಿಕ್ಕಿದರೆ ಪೊರೆಯ ಜೊತೆಗೆ ಮಿರುಗೂ ಹೋಗುತ್ತದೆ. ಬಳಕೆಯಿಂದ ಸಮನಾಗಿ ಸವೆದ ನಾಣ್ಯವನ್ನು ಸಂಗ್ರಾಹಕರು ಅದರ ದರ್ಜೆಗೆ ತಕ್ಕ ಬೆಲೆ ಕೊಟ್ಟು ಒಯ್ಯುತ್ತಾರೆ, ತಿಕ್ಕಿದ್ದನ್ನು ಒಲ್ಲೆ ಎನ್ನುತ್ತಾರೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದದ್ದಕ್ಕೂ ಇದೇ ಗತಿ. ಕೊಂಡಿ ಕಿತ್ತರೂ ಅಂಚಿನಲ್ಲಿ ಬೆಸುಗೆಯ ಗಾಯ ಉಳಿಯುತ್ತದೆ.

ಸವಕಳಿಯೊಂದರಿಂದಲೇ ಬೆಲೆ ತೀರ್ಮಾನವಾಗುವುದಿಲ್ಲ. 1940ರಿಂದ 1945ರ ರೂಪಾಯಿ ಎಷ್ಟೇ ಹೊಸದಾಗಿ ಕಂಡರೂ ಅದರಲ್ಲಿರುವುದು ಅರ್ಧವೇ ಬೆಳ್ಳಿ. 1947ರದ್ದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಅದೇ 1939ರದ್ದು ಅಪರೂಪ. ಆ ಇಸವಿಯ ನಕಲಿಗಳೂ ಓಡಾಡುವುದರಿಂದ ತೂಕ, ಅಂಚಿನ ಸುತ್ತ ಅಚ್ಚಾದ ಸಾಲುಗೆರೆ ಎರಡನ್ನೂ ನೋಡಬೇಕು. 1911ರ ರೂಪಾಯಿಯಲ್ಲಿ ಮೇಲೆ ಹೇಳಿದ ಆನೆ ಹಂದಿಯಂತೆ ಕಾಣುತ್ತದೆ ಎಂದು ಗದ್ದಲವೆದ್ದು, ಹೊರಬಾರದೆ ಉಳಿದವನ್ನು ಸರ್ಕಾರ ಕರಗಿಸಿತು. ಹಾಗಾಗಿ ಸವೆದ 1911ಕ್ಕೂ ಗಿರಾಕಿಯಿದ್ದಾರೆ. ಇನ್ನು 1862 ಎಂದಿದ್ದರೆ ಅದನ್ನು ಹಾಗೇ ನಂಬಬೇಡಿ: 1874ರಲ್ಲಿ ಹೊಸ ಇಸವಿ ಬರುವವರೆಗೂ ಅದೇ ಅಂಕಿ ಮುಂದುವರಿದಿತ್ತು. ಇಸವಿಯ ಕೆಳಗಿನ ಚುಕ್ಕೆ ಎಣಿಸಿ ನಿಜವಾದ ವರ್ಷ ಊಹಿಸುವವರ ಪಂಥವೇ ಬೇರೆ.

ನಮ್ಮ ಐದನೆಯ ರೂಪಾಯಿ 1919ರದ್ದು, ಎಲ್ಲರ ಮನೆಯಲ್ಲೂ ಸಿಗುವಂಥದ್ದು. ಆದರೆ ಆನೆಗೆ ನಾಲ್ಕೂ ಕಾಲುಗಳಿವೆ. ಈಗ ದೀಪಾವಳಿಯಲ್ಲಿ ಅವ್ವ ನಾಲ್ಕನ್ನು ಎಂದಿನಂತೆ ತಿಕ್ಕುತ್ತಾಳೆ, ಐದನೆಯದರ ಕಾಗದದ ಪೊಟ್ಟಣಕ್ಕೆ ಹೊರಗಿನಿಂದಲೇ ಕುಂಕುಮ ಇಡುತ್ತಾಳೆ.