ಹಡಗು ಹತ್ತುವ ಕಲಾವಿದ ಮೊದಲು ನಾವಿಕ

ಕಳೆದ ತಿಂಗಳು ಗುಬ್ಬಿ ಕಡೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ತುಮಕೂರಿನ ನನ್ನ ಸಂಗೀತ ತರಗತಿಗೆ ಬಂದಿದ್ದರು. ಹುಡುಗ ಜಾತ್ರೆ, ಗಣೇಶೋತ್ಸವಗಳ ರಸಮಂಜರಿ ತಂಡಗಳಲ್ಲಿ ಡ್ರಮ್ಸ್ ನುಡಿಸುವವನು. ಕ್ರೂಸ್ ಹಡಗೊಂದರ ವಾದ್ಯತಂಡಕ್ಕೆ ಆಯ್ಕೆಯಾಗಿ, ಏಳು ತಿಂಗಳ ಒಪ್ಪಂದಪತ್ರ ಅವನ ಕೈ ಸೇರಿತ್ತು. ಇಂಗ್ಲಿಷಿನಲ್ಲಿದ್ದ ಹದಿನಾಲ್ಕು ಪುಟಗಳನ್ನು ನಾನು ಓದಿ ಮುಗಿಸುವವರೆಗೂ ಸುಮ್ಮನೆ ಕುಳಿತಿದ್ದ ಆ ತಾಯಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಭಾನುವಾರ ರಜಾ ಕೊಡ್ತಾರಾ ಸಾರ್?" ಮಗ ನಾಚಿಕೆಯಿಂದ ತಲೆ ತಗ್ಗಿಸಿದ. ಒಂಬತ್ತು ವರ್ಷ ಹಡಗುಗಳಲ್ಲಿ ಕೀಬೋರ್ಡ್ ನುಡಿಸಿ ಬಂದ ನನಗಾದರೋ, ಹೊರಡುವ ಮುನ್ನ ನಾನೇ ಕೇಳಬೇಕಾಗಿದ್ದ ಪ್ರಶ್ನೆ ಇದು ಎನ್ನಿಸಿತು.

ಕೊಡುವುದಿಲ್ಲ ಎಂದೇ ಉತ್ತರಿಸಬೇಕಾಯಿತು. ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೊಂದು ರಜೆ ಎಂಬ ಮಾನದಂಡ ಕಾಗದದ ಮೇಲೆ ಇದ್ದರೂ ಹಡಗಿನಲ್ಲಿ ನಡೆಯುವುದು ವಿಶ್ರಾಂತಿಯ ಗಂಟೆಗಳ ಲೆಕ್ಕ. 2006ರ ಅಂತರರಾಷ್ಟ್ರೀಯ ನೌಕಾ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಪ್ರತಿ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಪ್ರತಿ ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಆ 10 ಗಂಟೆಗಳನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಅವುಗಳಲ್ಲಿ ಒಂದು ತುಂಡಾದರೂ ಆರು ಗಂಟೆಗೆ ಕಡಿಮೆ ಇರಬಾರದು. ಈ ಒಡಂಬಡಿಕೆ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು; ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ನನ್ನ ಮಟ್ಟಿಗೆ ಅದರಲ್ಲಿ ಬಹಳ ಬೆಲೆಯುಳ್ಳದ್ದು ಗಂಟೆಗಳ ಈ ಲೆಕ್ಕಕ್ಕಿಂತ ಹೆಚ್ಚಾಗಿ, ನಾವಿಕ ಎಂದರೆ ಯಾರು ಎಂಬ ವ್ಯಾಖ್ಯೆ. ಹಡಗಿನ ಮೇಲೆ ಯಾವುದೇ ರೀತಿಯ ಕೆಲಸದಲ್ಲಿ ತೊಡಗಿರುವ ವ್ಯಕ್ತಿ ನಾವಿಕನೇ ಎಂದು ಅದು ಹೇಳುತ್ತದೆ. ಎಂಜಿನ್ ಕೋಣೆಯ ಮೆಕ್ಯಾನಿಕ್ ಹೇಗೋ, ನಡುರಾತ್ರಿಯವರೆಗೆ ಲೌಂಜಿನಲ್ಲಿ ಹಾಡುವ ಗಾಯಕಿಯೂ ಹಾಗೆಯೇ.

ಈ ಮಾತಿನ ಬೆಲೆ ತಿಳಿಯಬೇಕಾದರೆ ಟೈಟಾನಿಕ್ ಹಡಗಿನ ಎಂಟು ಮಂದಿ ವಾದಕರನ್ನು ನೆನೆಯಬೇಕು. 1912ರ ಏಪ್ರಿಲ್ ರಾತ್ರಿ ಹಡಗು ಮುಳುಗುತ್ತಿದ್ದಾಗಲೂ ಅವರು ನುಡಿಸುತ್ತಿದ್ದರೆಂಬುದು ಎಲ್ಲರಿಗೂ ಗೊತ್ತು. ಅವರಲ್ಲಿ ಯಾರೂ ಉಳಿಯಲಿಲ್ಲ. ಆಮೇಲೆ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. ಅವರನ್ನು ನೇಮಿಸಿಕೊಂಡಿದ್ದುದು ಲಿವರ್‌ಪೂಲಿನ ಒಂದು ಏಜೆನ್ಸಿ. ಹಡಗಿನಲ್ಲಿ ಅವರು ಎರಡನೆಯ ದರ್ಜೆಯ ಟಿಕೆಟಿನಲ್ಲಿದ್ದರು. ಹೀಗಾಗಿ ಅವರು ನಮ್ಮ ನೌಕರರಲ್ಲ ಎಂದು ಹಡಗಿನ ಕಂಪನಿ ಹೇಳಿತು, ಪರಿಹಾರ ಕೊಡುವ ಹೊಣೆ ನಮ್ಮದಲ್ಲ ಎಂದು ಏಜೆನ್ಸಿ ಹೇಳಿತು. ಸತ್ತ ಪಿಟೀಲು ವಾದಕನೊಬ್ಬನ ತಂದೆಗೆ ಮಗನ ಸಮವಸ್ತ್ರದ ಬಾಕಿಯ ಬಿಲ್ಲೂ ಬಂತು. ಇಂದು ಒಪ್ಪಂದಪತ್ರ ಓದುವಾಗ ನಾನು ಮೊದಲು ಹುಡುಕುವುದು ಕಲಾವಿದನ ಹೆಸರು ಹಡಗಿನ ಸಿಬ್ಬಂದಿಯ ಪಟ್ಟಿಯಲ್ಲಿ ಸೇರುತ್ತದೆಯೇ ಎಂಬುದನ್ನು. ಒಂದೆರಡು ವಾರಕ್ಕೆಂದು ಬಂದು ಹೋಗುವ ಅತಿಥಿ ಕಲಾವಿದರನ್ನು ನಾವಿಕರೆಂದು ಎಣಿಸದಿರಲು ಆಯಾ ಹಡಗಿನ ಧ್ವಜದ ದೇಶಕ್ಕೆ, ಅಂದರೆ ಹಡಗು ನೋಂದಣಿಯಾದ ದೇಶಕ್ಕೆ, ಅವಕಾಶವಿದೆ. ಅಂಥವರು ವಿಮೆ, ಚಿಕಿತ್ಸೆ, ಊರಿಗೆ ಮರಳುವ ಖರ್ಚು ಈ ಮೂರನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ನಾವಿಕ ಎಂಬ ಹೆಸರು ಬಂದ ಮೇಲೆ ಅದರ ಹೊಣೆಯೂ ಬರುತ್ತದೆ. ಹಡಗು ಹತ್ತಿದ ದಿನವೇ ಪ್ರತಿಯೊಬ್ಬರಿಗೂ ತುರ್ತು ಸಂದರ್ಭದ ಒಂದು ಸಂಖ್ಯೆ ಮತ್ತು ಒಂದು ಜಾಗ ಗೊತ್ತಾಗುತ್ತದೆ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಶಿಳ್ಳೆ ಕೇಳಿದರೆ ಕಲಾವಿದ ವಾದ್ಯವನ್ನು ಅಲ್ಲೇ ಬಿಟ್ಟು ತನ್ನ ಜಾಗಕ್ಕೆ ಓಡಬೇಕು. ನನ್ನ ಮೊದಲ ಹಡಗಿನಲ್ಲಿ ನನಗೆ ಸಿಕ್ಕಿದ್ದು ಆರನೆಯ ಮತ್ತು ಏಳನೆಯ ಅಂತಸ್ತಿನ ನಡುವಿನ ಮೆಟ್ಟಿಲು: ಲಿಫ್ಟಿನತ್ತ ಹೋಗುವವರನ್ನು ತಡೆದು, ಮೊಣಕಾಲು ನೋವಿನ ಅಜ್ಜಿಯರನ್ನು ಸಾವಕಾಶ ಇಳಿಸಿ, ಎಲ್ಲರನ್ನೂ ದೋಣಿಗಳ ಕಡೆಗೆ ಕಳುಹಿಸುವ ಕೆಲಸ. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ನಮ್ಮ ತಾತ, ಮೊಕ್ಕಾಂ ಬದಲಾಗುವಾಗ ಪರದೆಗಳನ್ನು ಲಾರಿಗೆ ಹೇರಿಸುವ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದರಂತೆ. 1884ರಲ್ಲೇ ಗುಬ್ಬಿ ಕಂಪನಿಯಂಥ ನಾಟಕ ಕಂಪನಿ ಹುಟ್ಟಿದ ಜಿಲ್ಲೆಯವರಿಗೆ ಈ ದುಪ್ಪಟ್ಟು ದುಡಿಮೆ ಹೊಸದೆನಿಸಬಾರದು.

ಈ ಹೊಣೆಯನ್ನು ತೋರಿಕೆಗೆ ಎಂದು ತಿಳಿಯುವವರಿಗೆ ನಾನು ಓಷಿಯಾನೋಸ್ ಎಂಬ ಹಡಗಿನ ಕಥೆ ಹೇಳುತ್ತೇನೆ. 1991ರ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಯ ಬಿರುಗಾಳಿಯಲ್ಲಿ ಆ ಹಡಗಿನ ಎಂಜಿನ್ ಕೋಣೆಗೆ ನೀರು ನುಗ್ಗಿ ದೀಪಗಳು ಆರಿಹೋದವು. ಗಿಟಾರ್ ವಾದಕ ಮಾಸ್ ಹಿಲ್ಸ್, ಬೇಸ್ ಗಿಟಾರ್ ನುಡಿಸುತ್ತಿದ್ದ ಆತನ ಪತ್ನಿ ಟ್ರೇಸಿ ಹಾಗೂ ಮನರಂಜನಾ ತಂಡದ ಇತರರು ಪ್ರಯಾಣಿಕರನ್ನು ದೋಣಿಗಳಿಗೆ ಹತ್ತಿಸಿದರು. ಕ್ಯಾಪ್ಟನ್ ಎಲ್ಲಿ ಎಂದು ನೋಡಲು ಹಿಲ್ಸ್ ಹಡಗು ನಡೆಸುವ ಕೋಣೆಗೆ ಹೋದರೆ ಅಲ್ಲಿ ಯಾರೂ ಇರಲಿಲ್ಲ. ರೇಡಿಯೋದಲ್ಲಿ ನೆರವಿಗೆ ಕೂಗಿದವನು ಗಿಟಾರ್ ವಾದಕನೇ. ಅವರನ್ನೆಲ್ಲ ದೋಣಿಗಳು ಮತ್ತು ಹೆಲಿಕಾಪ್ಟರುಗಳು ಪಾರು ಮಾಡಿದವು. ಹಡಗಿನಲ್ಲಿದ್ದ 571 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. 2012ರ ಜನವರಿಯಲ್ಲಿ ಇಟಲಿಯ ಜೀಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ತಗುಲಿ 32 ಮಂದಿ ಸತ್ತ ಮೇಲಂತೂ ನಿಯಮಗಳು ಬಿಗಿಯಾಗಿ, ಪ್ರಯಾಣಿಕರ ಸುರಕ್ಷಾ ಅಭ್ಯಾಸ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮುಗಿಯಬೇಕೆಂದಾಯಿತು. ಆದ್ದರಿಂದ ರಾತ್ರಿ ಒಂದಕ್ಕೆ ಪಿಯಾನೋ ಮುಚ್ಚಿದವನು ಬೆಳಗ್ಗೆ ಒಂಬತ್ತಕ್ಕೆ ಲೈಫ್ ಜಾಕೆಟ್ ತೊಟ್ಟು ಅಭ್ಯಾಸಕ್ಕೆ ನಿಂತಿರಬೇಕಾಗುತ್ತದೆ. ಹಡಗು ಬಂದರಿನಲ್ಲಿ ನಿಂತ ದಿನವೂ ಸಿಬ್ಬಂದಿಯ ಒಂದು ಪಾಲು ಸರದಿಯ ಮೇಲೆ ಹಡಗಿನಲ್ಲೇ ಉಳಿಯಬೇಕು. ಬಹಳ ದಿನ ಕಾದಿದ್ದ ಊರಿನ ದಿನವೇ ಆ ಸರದಿ ಬರುವುದೂ ಉಂಟು.

ಇನ್ನು ಸಂಗೀತದ ಮಾತು. ಹಡಗಿನ ಕಲಾವಿದರು ಒಂದೇ ಬಗೆಯವರಲ್ಲ. ದೊಡ್ಡ ರಂಗಮಂದಿರದ ಪ್ರದರ್ಶನಗಳಿಗೆಂದೇ ತಿಂಗಳುಗಟ್ಟಲೆ ತಾಲೀಮು ಮಾಡಿ ಬರುವ ನರ್ತಕರು, ಗಾಯಕರು. ಅವರಿಗೂ ಅತಿಥಿ ಕಲಾವಿದರಿಗೂ ನುಡಿಸುವ ವಾದ್ಯತಂಡ. ಲೌಂಜುಗಳಲ್ಲಿ ಕುಣಿಯುವವರಿಗಾಗಿ ನುಡಿಸುವ, ಬಹುಪಾಲು ಫಿಲಿಪ್ಪೀನ್ಸಿನವರ, ಬ್ಯಾಂಡುಗಳು. ಒಬ್ಬಂಟಿ ಪಿಯಾನೋ ವಾದಕರು, ಡಿಜೆಗಳು. ಲೌಂಜಿನ ಲೆಕ್ಕ ಸರಳ: ಮುಕ್ಕಾಲು ಗಂಟೆ ನುಡಿಸಿ ಕಾಲು ಗಂಟೆ ಬಿಡುವು, ರಾತ್ರಿಗೆ ಇಂಥ ಮೂರು ನಾಲ್ಕು ಸರದಿ. ಅಲ್ಲಿ ಬೇಕಾಗುವುದು ದೊಡ್ಡ ಹಾಡಿನ ಭಂಡಾರ ಮತ್ತು ಬಾಡದ ಮುಖ. ನಮ್ಮ ರಸಮಂಜರಿಯ ಹುಡುಗರಿಗೆ ಇವೆರಡೂ ಇವೆ. ಅವರು ಎಡವುವುದು ವಾದ್ಯತಂಡದಲ್ಲಿ.

ನಾನೂ ಅಲ್ಲೇ ಎಡವಿದ್ದೆ. ಹಡಗು ಹತ್ತಿದ ಮಧ್ಯಾಹ್ನ ನಾಲ್ಕು ಗಂಟೆಗೆ ತಂಡದ ಮುಖ್ಯಸ್ಥ ಕೈಗೊಂದು ದಪ್ಪ ಫೈಲು ಕೊಟ್ಟ; ಏಳು ಗಂಟೆಗೆ ಪ್ರದರ್ಶನ. ಕಿವಿಯಲ್ಲಿ ಕೇಳಿ ನಾನೂರು ಹಾಡು ಕಲಿತವನು ನಾನು, ಆದರೆ ಫೈಲಿನಲ್ಲಿದ್ದುದು ಪಾಶ್ಚಾತ್ಯ ಸ್ಟಾಫ್ ನೊಟೇಶನ್. ನಾವು ಬರೆದುಕೊಳ್ಳುವ ಸರಿಗಮದಲ್ಲಿ ಷಡ್ಜ ಎಲ್ಲಿಯಾದರೂ ಕೂರಬಹುದು. ಶ್ರುತಿ ಬದಲಾದರೂ ಬರೆದದ್ದು ಬದಲಾಗುವುದಿಲ್ಲ. ಐದು ಗೆರೆಗಳ ಆ ಬರಹದಲ್ಲಿ ಪ್ರತಿ ಚುಕ್ಕಿಗೂ ಗೊತ್ತಾದ ಒಂದೇ ಸ್ಥಾನ. ಅಂದು ಅತಿಥಿ ಗಾಯಕಿಗೆ ಗಂಟಲು ಕಟ್ಟಿತ್ತು. ಅರ್ಧ ಸ್ವರ ಇಳಿಸಿ ನುಡಿಸುವಂತೆ ಕೇಳಿಕೊಂಡಳು. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು ನಂಬಿ ಬೆಳೆದವನ ಮುಂದೆ ಇದ್ದದ್ದು ಗ್ರಾಂಡ್ ಪಿಯಾನೋ. ಅದಕ್ಕೆ ಗುಂಡಿ ಇರುವುದಿಲ್ಲ. ಆ ರಾತ್ರಿ ನಾನು ನುಡಿಸಿದ್ದಕ್ಕಿಂತ ಕೈ ಎತ್ತಿ ಕುಳಿತಿದ್ದೇ ಹೆಚ್ಚು, ಮತ್ತು ಮುಖ್ಯಸ್ಥ ಅದನ್ನು ಗಮನಿಸಿಯೂ ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ ಮಾತ್ರ ಖಾಲಿ ರಂಗಮಂದಿರದ ಬೀಗದ ಕೈ ಕೊಟ್ಟು ಹೋದ.

ಎರಡನೆಯ ತೊಡಕು ಲಯದ್ದು. ದೊಡ್ಡ ಪ್ರದರ್ಶನಗಳಲ್ಲಿ ಪಿಟೀಲುಗಳ ಸಮೂಹ, ಕೋರಸ್ ಮುಂತಾದವನ್ನು ಮೊದಲೇ ಧ್ವನಿಮುದ್ರಿಸಿರುತ್ತಾರೆ. ವಾದಕರ ಕಿವಿಯಲ್ಲಿ ಕ್ಲಿಕ್ ಎಂಬ ತಾಳದ ಟಿಕ್‌ಟಿಕ್ ಓಡುತ್ತಿರುತ್ತದೆ, ಬೆಳಕು ಮತ್ತು ಪರದೆಯ ಚಿತ್ರಗಳೂ ಅದೇ ಗಡಿಯಾರಕ್ಕೆ ಕಟ್ಟುಬಿದ್ದಿರುತ್ತವೆ. ನಮ್ಮ ರಸಮಂಜರಿಯಲ್ಲಿ ಹಾಡುಗಾರ ಜನರ ನಡುವೆ ಇಳಿದರೆ ಹಿನ್ನೆಲೆಯ ತುಣುಕನ್ನು ಎಂಟು ಸಲ ತಿರುಗಿಸುತ್ತೇವೆ, ಶಿಳ್ಳೆ ಬಿದ್ದರೆ ಪಲ್ಲವಿಗೆ ಮರಳುತ್ತೇವೆ. ಅಲ್ಲಿ ಹಾಗಿಲ್ಲ. ಅದು ಸಂಗೀತವೇ ಅಲ್ಲ ಎನ್ನುವ ಗೆಳೆಯರಿದ್ದಾರೆ, ನಾನು ಒಪ್ಪುವುದಿಲ್ಲ. ಕ್ಲಿಕ್ಕಿನ ಒಳಗೇ ಉಸಿರಾಡುವುದನ್ನು ಕಲಿತ ವಾದಕ ಹೊರಗೆ ಬಂದಾಗ ಇನ್ನಷ್ಟು ಗಟ್ಟಿಯಾಗಿ ನುಡಿಸುತ್ತಾನೆ. ಆದರೆ ಆ ಕಲಿಕೆಗೆ ಆರು ತಿಂಗಳಾದರೂ ಬೇಕು, ಮತ್ತು ಅದು ತುಮಕೂರಿನಲ್ಲಿ ಆಗಬೇಕೇ ಹೊರತು ನಡುಸಮುದ್ರದಲ್ಲಿ ಅಲ್ಲ. ಗುಬ್ಬಿಯ ಹುಡುಗನಿಗೆ ನಾನು ಹೇಳಿದ ಮೊದಲ ಮಾತೇ ದಿನಕ್ಕೆ ಎರಡು ಗಂಟೆ ಹೊಸ ಹಾಳೆಗಳನ್ನು ನೋಡಿ ನುಡಿಸು, ಒಮ್ಮೆ ನುಡಿಸಿದ ಹಾಳೆಯನ್ನು ಮತ್ತೆ ಮುಟ್ಟಬೇಡ ಎಂಬುದು.

ಅಮಾನಿಕೆರೆಗಿಂತ ದೊಡ್ಡ ನೀರು ಕಾಣದವರಿಗೆ ಅಲೆಯ ಭಯ ಸಹಜ. ಹಡಗಿನ ನಡುಭಾಗದಲ್ಲಿ, ನೀರಿನ ಮಟ್ಟದ ಹತ್ತಿರ, ಓಲಾಟ ಕಡಿಮೆ. ದುರದೃಷ್ಟಕ್ಕೆ ಬಹಳಷ್ಟು ಹಡಗುಗಳ ರಂಗಮಂದಿರ ಇರುವುದು ಮುಂಭಾಗದಲ್ಲಿ, ಎಲ್ಲಿ ಹಡಗು ತಲೆ ಎತ್ತಿ ತಲೆ ತಗ್ಗಿಸುತ್ತದೋ ಅಲ್ಲಿ. ಅಲೆ ಜೋರಾದ ರಾತ್ರಿ ನರ್ತಕಿಯರನ್ನು ಎತ್ತಿ ಹಿಡಿಯುವ ಭಾಗಗಳನ್ನು ಕೈಬಿಡುತ್ತಾರೆ, ಹಗ್ಗದ ಮೇಲಿನ ಸಾಹಸಗಳು ರದ್ದಾಗುತ್ತವೆ. ಕುಳಿತು ನುಡಿಸುವ ನಮಗೆ ಆ ರಿಯಾಯಿತಿ ಇಲ್ಲ. ನಾನು ಶುಂಠಿ ಜಗಿದುಕೊಂಡು ನುಡಿಸಿದ್ದೇನೆ. ಮೂರು ನಾಲ್ಕು ದಿನಗಳಲ್ಲಿ ಮೈ ಒಗ್ಗುತ್ತದೆ.

ವಾಸದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೆಳ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಕ್ಯಾಬಿನ್, ರೈಲಿನ ಬರ್ತಿನಂತೆ ಮೇಲೊಂದು ಕೆಳಗೊಂದು ಹಾಸಿಗೆ, ಜೊತೆಗೊಬ್ಬ ಅಪರಿಚಿತ. ನಸುಕಿನಲ್ಲಿ ಹಡಗು ಬಂದರಿಗೆ ತಾಗುವಾಗ ಅಡ್ಡಕ್ಕೆ ತಳ್ಳುವ ಯಂತ್ರ ಚಾಲೂ ಆದರೆ ಗೋಡೆಯೇ ಗುಡುಗುತ್ತದೆ. ಸಿಬ್ಬಂದಿಯ ಮೆಸ್ಸಿನಲ್ಲಿ ಅನ್ನ, ಬೇಳೆ ಸಿಗುತ್ತವೆ. ಮುದ್ದೆಯ ಆಸೆ ಬಿಡಬೇಕು.

ಹೆಚ್ಚು ಎಚ್ಚರ ಬೇಕಾಗಿರುವುದು ಹೊರಡುವ ಮೊದಲಿನ ವ್ಯವಹಾರದಲ್ಲಿ. ನನ್ನ ಮೊದಲ ಪ್ರಯತ್ನದಲ್ಲಿ ಬೆಂಗಳೂರಿನ ಒಬ್ಬ ಏಜೆಂಟ್ ಸಂದರ್ಶನದ ಶುಲ್ಕವೆಂದು ಅರವತ್ತು ಸಾವಿರ ರೂಪಾಯಿ ಪಡೆದು, ಆಮೇಲೆ ಫೋನು ಎತ್ತುವುದನ್ನೇ ನಿಲ್ಲಿಸಿದ. ಅಪ್ಪ ತೆಂಗಿನಕಾಯಿ ಮಾರಿದ ದುಡ್ಡು ಅದು. ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ ಎಂದು ಅದೇ ಒಡಂಬಡಿಕೆ ಹೇಳುತ್ತದೆ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಮತ್ತು ಸಿಡಿಸಿ ಎಂಬ ನಾವಿಕರ ಪುಸ್ತಕ, ಇವುಗಳ ಖರ್ಚನ್ನು ಮಾತ್ರ ನಮ್ಮ ಮೇಲೆ ಹಾಕಬಹುದು. ವೀಸಾದ ಖರ್ಚು ಹಡಗಿನ ಮಾಲೀಕರದ್ದು. ಭಾರತದಲ್ಲಿ ನಾವಿಕರನ್ನು ನೇಮಿಸುವ ಏಜೆನ್ಸಿಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಅದರ ಸಂಖ್ಯೆ ಕೇಳಿ, ನಿರ್ದೇಶನಾಲಯದ ಜಾಲತಾಣದಲ್ಲಿ ನೋಡಿಕೊಂಡ ಮೇಲೆಯೇ ಮುಂದಿನ ಮಾತು. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಶಿಸ್ತು, ಭದ್ರತೆ ಇವುಗಳ ಮೂಲ ತರಬೇತಿಯನ್ನೂ ಅನುಮೋದಿತ ಸಂಸ್ಥೆಯಲ್ಲೇ ಪಡೆಯಬೇಕು. ಈಜು ಬಾರದವನಿಗೆ ಕೊಳಕ್ಕೆ ಹಾರುವ ಆ ದಿನ ಮರೆಯುವಂಥದ್ದಲ್ಲ.

ಸಂಬಳದ ವಿಷಯದಲ್ಲಿ ಊರಿನವರು ಮಾಡುವ ತಪ್ಪು ಡಾಲರನ್ನು ರೂಪಾಯಿಗೆ ತಿರುಗಿಸಿ ಹನ್ನೆರಡರಿಂದ ಗುಣಿಸುವುದು. ಏಳು ತಿಂಗಳ ಒಪ್ಪಂದವಾದರೆ ಏಳರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿ ನೋಡಬೇಕು. ಸಾಮಾನ್ಯವಾಗಿ ಮನೆಯಲ್ಲಿರುವ ತಿಂಗಳುಗಳಿಗೆ ಸಂಬಳವಿಲ್ಲ, ಮುಂದಿನ ಒಪ್ಪಂದದ ಖಾತರಿಯೂ ಇಲ್ಲ. ಊಟ, ವಸತಿಗೆ ಖರ್ಚಿಲ್ಲದಿರುವುದು ನಿಜವಾದ ಉಳಿತಾಯ. ತೆರಿಗೆಯ ಮಟ್ಟಿಗೆ, ಕೆಲಸಕ್ಕೆಂದು ಹೊರಗೆ ಹೋದವನು ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ ಎನಿಸಿಕೊಳ್ಳುತ್ತಾನೆ. ಆದರೆ ಡಿಸೆಂಬರಿನಲ್ಲಿ ಹೊರಟು ಜುಲೈನಲ್ಲಿ ಇಳಿದರೆ ಆ ಏಳು ತಿಂಗಳು ಎರಡು ವರ್ಷಗಳಿಗೆ ಹಂಚಿಹೋಗಿ, ಆ ಒಂದು ಒಪ್ಪಂದದ ಬಲದಿಂದ ಯಾವ ವರ್ಷವೂ ಅನಿವಾಸಿಯಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊರಡುವ ಒಪ್ಪಂದ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ. ಸಿಡಿಸಿ ಪುಸ್ತಕದಲ್ಲಿ ಹತ್ತಿದ, ಇಳಿದ ದಿನಾಂಕಗಳ ಮುದ್ರೆ ಸರಿಯಾಗಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.

ಮರಳಿ ಬಂದ ಮೇಲೆ ಒಂದೆರಡು ದಿನ ಮನೆಯ ನೆಲ ಮೆಲ್ಲಗೆ ತೂಗುತ್ತದೆ, ಅದು ಹೋಗುತ್ತದೆ. ಹೋಗದೆ ಉಳಿಯುವುದು ಗಡಿಯಾರದ ಚಾಳಿ. ಹಡಗಿನಲ್ಲಿ ಏಳು ಗಂಟೆ ಎಂದರೆ ಏಳು ಗಂಟೆ. ಎರಡು ನಿಮಿಷ ತಡವಾದರೆ ಎಚ್ಚರಿಕೆಯ ಪತ್ರ, ಬಂದರಿನಲ್ಲಿ ತಡವಾದರೆ ಹಡಗೇ ಇರುವುದಿಲ್ಲ. ಕೊನೆಯ ಒಪ್ಪಂದ ಮುಗಿಸಿ ಬಂದ ವರ್ಷ ಕ್ಯಾತ್ಸಂದ್ರದ ಗಣೇಶೋತ್ಸವದಲ್ಲಿ ಏಳು ಗಂಟೆಯ ರಸಮಂಜರಿಗೆ ನಾನು ಆರೂವರೆಗೇ ಕೀಬೋರ್ಡ್ ಜೋಡಿಸಿ, ಶ್ರುತಿ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದೆ. ಡ್ರಮ್ಸ್‌ನವನು ಎಂಟೂಕಾಲಿಗೆ ಬಂದು, "ಏನಣ್ಣ, ಇಷ್ಟು ಬೇಗ?" ಎಂದ.